ಸಗ್ಗರಿಂಗು

ಕಾಟಗಳಿಗೆ ಹೆಸರಿಡುವ ಕಚೇರಿಯಲ್ಲಿ, ಬಂದವರ ಕಿವಿಯಲ್ಲಿ ಇಂದುಮತಿ ಮೂರು ಸಲ ಹೆಸರು ಉಸುರಿದರೆ ಸಾಕು, ಹೆಸರು ಬಿದ್ದ ಕಾಟ ಬಿಟ್ಟುಹೋಗುತ್ತಿತ್ತು. ಫೋನು ಬಾರದೆಯೂ ಕಿಸೆ ನಡುಗಿದಂತಾಗುವ ಕಾಟಕ್ಕೆ ‘ಕಿಸೆಗುಮ್ಮ’ ಎಂದಿದ್ದಳು. ಜನ ನಕ್ಕು, ಹಗುರಾಗಿ ಮನೆಗೆ ಹೋಗಿದ್ದರು.

ಮುದುಕ ಗುರುಸಿದ್ದಪ್ಪ ಮಾತ್ರ ಮರಳಿ ಬಂದಿದ್ದ. ತೀರಿಹೋದ ಹೆಂಡತಿಯ ನಂಬರಿಗೆ ದಿನಾ ಸಂಜೆ ಫೋನು ಹಚ್ಚುವ ಅವನ ಗೀಳಿಗೆ ಹೋದ ವಾರ ಇಂದುಮತಿಯೇ ‘ಸಗ್ಗರಿಂಗು’ ಎಂದು ಹೆಸರಿಟ್ಟಿದ್ದಳು. ಇಬ್ಬರೂ ನಕ್ಕಿದ್ದರು.

“ಬಾಯಾರ, ಆ ಹೆಸರು ವಾಪಸ್ ತಗೋರಿ. ಸಂಜಿ ಆದ್ರೂ ಫೋನಿಗೆ ಕೈ ಹೋಗವಲ್ದು. ಈಗ ಖರೇನ ಸತ್ಲರಿ ಅಕಿ.”

ಇಟ್ಟ ಹೆಸರನ್ನು ಹಿಂದೆ ಪಡೆಯುವ ದಾರಿ ಇರಲಿಲ್ಲ. ಅವನು ಹೋದ ಮೇಲೆ ಇಂದುಮತಿಯ ಮುಖ ನೋಡಿದ ಪಕ್ಕದ ಮೇಜಿನ ಶಾರವ್ವ, “ಇಂದಕ್ಕಾ, ನಿಮ್ಮ ಈ ಸಂಕಟಕ್ಕೂ ಒಂದು ಹೆಸರು ಇಡ್ಲೇನ್ರಿ?” ಎನ್ನುತ್ತ ಬಾಗಿದಳು.

ಇಂದುಮತಿ ಎರಡೂ ಕಿವಿ ಮುಚ್ಚಿಕೊಂಡಳು.