ಗೃಹಸಾಲದ ವಿಮೆ

ಹೊಸ ರಸ್ತೆ ಬಂದು ಬಡಾವಣೆಯ ಮನೆಗಳ ಬೆಲೆ ದುಪ್ಪಟ್ಟಾದಾಗಿನಿಂದ, ಮನೆ ಮಾರು ಎಂದು ಮಹದೇವ ಹೆಂಡತಿಯನ್ನು ಹೊಡೆಯುತ್ತಿದ್ದ. ನರ್ಸ್ ಆಗಿದ್ದ ವನಜಾಕ್ಷಿ ತಾನೇ ಸಾಲ ತೆಗೆದು ಕಟ್ಟಿಸಿದ ಮನೆ, ಅವಳು ಒಪ್ಪಲಿಲ್ಲ. ಆ ಸಂಜೆ ಅವನು ಅವಳ ಜುಟ್ಟು ಹಿಡಿದು, ತಡೆಗೋಡೆಯಿಲ್ಲದ ತಾರಸಿಯ ಅಂಚಿಗೆ ದರದರನೆ ಎಳೆದೊಯ್ದ. ಅವಳ ಹಣೆಯಿಂದ ರಕ್ತ ಸುರಿಯುತ್ತಿತ್ತು.

"ನೀನು ಸತ್ರೆ ವಿಮೆಯವರೇ ಸಾಲ ತೀರಿಸ್ತಾರೆ. ಮನೆ ನಂದಾಗುತ್ತೆ."

"ವಿಮೆ ಮಾಡಿಸಿರೋದು ನಿಮ್ಮ ಜೀವಕ್ಕೆ ಕಣ್ರೀ," ಎಂದಳು ಅವಳು ಏದುಸಿರಿನಲ್ಲಿ. "ನಾನು ಸತ್ರೆ ಅಷ್ಟೂ ಸಾಲ ನಿಮ್ಮ ತಲೆಗೇ ಬರುತ್ತೆ. ಬೀರುವಿನಲ್ಲಿ ಪತ್ರ ಇದೆ, ಹೋಗಿ ಓದ್ಕೊಳ್ಳಿ."

ಅವನ ಹಿಡಿತ ಸಡಿಲವಾಯಿತು. ಬೈಯುತ್ತಾ ಕೆಳಗೆ ಓಡಿದ. ವನಜಾಕ್ಷಿ ತಾರಸಿಯ ಬಾಗಿಲಿಗೆ ತನ್ನ ಕಡೆಯಿಂದ ಚಿಲಕ ಜಡಿದು, ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡಳು.

ಅಕ್ಕಪಕ್ಕದವರು ಒಳನುಗ್ಗಿದಾಗ ಮಹದೇವ ಪತ್ರ ಹಿಡಿದು ನಿಂತಿದ್ದ. ಅದರಲ್ಲಿ ವಿಮೆ ಯಾರ ಜೀವಕ್ಕೆ ಎಂಬಲ್ಲಿ ಇದ್ದದ್ದು ಅವಳ ಹೆಸರೇ.