ಚಾಪೆಯ ಮೇಲಿನ ಕಾಲು

ಬಾಸ್ಕೆಟ್‌ಬಾಲ್ ಅಂಕಣದ ಮರದ ನೆಲದ ಮೇಲಿಡಲು ಎತ್ತಿದ ಬಲಗಾಲನ್ನು ರೆಫರಿ ವೆಂಡೆಲ್ ಹಿಂದಕ್ಕೆ ತೆಗೆದು, ಬಾಗಿಲ ಬಳಿಯ ರಬ್ಬರ್ ಚಾಪೆಯ ಮೇಲೆ ಬೂಟಿನ ಅಡಿಯನ್ನು ಉಜ್ಜತೊಡಗಿದ. ಅಮೆರಿಕದ ಇಂಡಿಯಾನಾದ ಜನವರಿ, ಹೊರಗೆ ಕೆಸರಾದ ಹಿಮ, ಅದನ್ನು ಕರಗಿಸಲು ಸುರಿದ ಉಪ್ಪು. ಒದ್ದೆ ಬೂಟಿನಲ್ಲಿ ಆ ನೆಲ ತುಳಿದವರನ್ನು ಶಾಲೆಯ ಜವಾನ ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ. ಜೊತೆಯ ರೆಫರಿ ಕೊರಿನ್ ಮಾತ್ರ ನಿಲ್ಲಲಿಲ್ಲ. ಹೈಸ್ಕೂಲಿನ ದೊಡ್ಡ ಹುಡುಗರ ಪಂದ್ಯಕ್ಕೆ ಅವಳು ಸೀಟಿ ಕಟ್ಟಿಕೊಂಡದ್ದು ಅದೇ ಮೊದಲು. ಸೀದಾ ಅಂಕಣ ದಾಟಿ, ಅಂಕ ಬರೆಯುವವರ ಮೇಜಿನತ್ತ ನಡೆದಳು.

ಅವಳ ಬೆನ್ನ ಹಿಂದೆ, ಅಭ್ಯಾಸದ ಸಾಲಿನಲ್ಲಿದ್ದ ಟೀಗ್ ಎಂಬ ಉದ್ದನೆಯ ಹುಡುಗ ಓಡಿ ಬಂದ, ನೆಗೆದ, ಎರಡೂ ಕೈಯಿಂದ ಚೆಂಡನ್ನು ಮೇಲಿನಿಂದಲೇ ರಿಂಗಿನೊಳಕ್ಕೆ ಬಡಿದ. ಧಡ್ ಎಂಬ ಸದ್ದಿಗೆ ಕೊರಿನ್ ತಿರುಗಿದಳು. ಊರಿಗೆ ಊರೇ ಎದ್ದು ನಿಂತು ಕೂಗಿತು.

ಹೋದ ಚಳಿಗಾಲ ಇದೇ ರಿಂಗಿನ ಕೆಳಗೆ ಟೀಗ್‌ನ ಎಡ ಮಂಡಿ ತಿರುಚಿದಾಗ ಆಟ ನಿಲ್ಲಿಸಿದವನು ವೆಂಡೆಲ್. ಹುಡುಗನ ಆ ಚೀರಾಟ ವರ್ಷವಿಡೀ ಅವನ ಕಿವಿ ಬಿಟ್ಟಿರಲಿಲ್ಲ. ಈಗ ಅದೇ ಮಂಡಿ ಅಷ್ಟೆತ್ತರ ನೆಗೆದು, ನೆಲಕ್ಕಿಳಿದು, ಗಟ್ಟಿಯಾಗಿ ನಿಂತಿತ್ತು. ಎದೆಯ ಮೇಲಿನ ಕಲ್ಲನ್ನು ಯಾರೋ ಇಳಿಸಿದಂತಾಯಿತು ಅವನಿಗೆ. ಅದು ಇಳಿದದ್ದೇ ತಡ, ಇನ್ನೊಂದು ಬಂದು ಕೂತಿತು. ರೆಫರಿಗಳು ಅಂಕಣಕ್ಕೆ ಬಂದ ಮೇಲೆ, ಪಂದ್ಯ ಶುರುವಾಗುವವರೆಗೆ ಯಾರೂ ಹೀಗೆ ಡಂಕ್ ಹೊಡೆಯುವಂತಿಲ್ಲ. ಹೊಡೆದರೆ ಆಟಕ್ಕೆ ಮುಂಚೆಯೇ ಎದುರಾಳಿಗೆ ಯಾರೂ ತಡೆಯದ ಎರಡು ಎಸೆತ, ಅಂದರೆ ಫ್ರೀ ಥ್ರೋ, ಆಮೇಲೆ ಚೆಂಡೂ ಅವರದೇ, ಸಾಲದ್ದಕ್ಕೆ ಹುಡುಗನ ಕೋಚ್ ಪಂದ್ಯವಿಡೀ ಬೆಂಚು ಬಿಟ್ಟು ಏಳಕೂಡದು. ವರ್ಷದ ಮೇಲೆ ಆಡಲು ಬಂದ ಹುಡುಗ ತನ್ನವರ ಮುಂದೆ ತಲೆ ತಗ್ಗಿಸಿಕೊಂಡೇ ಆಟ ಶುರು ಮಾಡಬೇಕಾಗುತ್ತಿತ್ತು.

"ಕೊಡಮ್ಮಾ ಫೌಲು! ಏನು ನೋಡ್ತಾ ನಿಂತಿದೀಯ?" ಎಂದು ಎದುರಾಳಿ ತಂಡದ ಕೋಚ್ ರಾಯ್ಸ್ ಕೊರಿನ್‌ಳತ್ತ ಧಾವಿಸಿದ.

ಕೊರಿನ್ ಮುಖ ಕೆಂಪಾಯಿತು. "ನಾನು ನೋಡ್ಲಿಲ್ಲ ಸರ್. ತಿರುಗೋ ಅಷ್ಟೊತ್ತಿಗೆ ಹುಡುಗ ಕೆಳಗಿದ್ದ."

"ರಿಂಗು ಇನ್ನೂ ನಡುಗ್ತಾ ಇದೆಯಲ್ಲ! ಅದೇನು ಚಳಿಗೆ ನಡುಗ್ತಿದೆಯಾ?"

"ಕಾಣದೇ ಇದ್ದಿದ್ದಕ್ಕೆ ಫೌಲ್ ಕೊಡೋಕಾಗಲ್ಲ ಸರ್."

ರಾಯ್ಸ್ ಬಾಗಿಲಿನತ್ತ ತಿರುಗಿದ. "ವೆಂಡೆಲ್! ಎಷ್ಟೋ ವರ್ಷದಿಂದ ನಿನ್ನ ಬೈತಾ ಬಂದಿದೀನಿ. ಕುರುಡ ಅಂದಿದೀನಿ, ಕಿವುಡ ಅಂದಿದೀನಿ. ಸುಳ್ಳ ಅಂತ ಮಾತ್ರ ಯಾವತ್ತೂ ಅಂದಿಲ್ಲ. ಹೇಳು, ನೀನು ನೋಡಿದ್ಯೋ ಇಲ್ವೋ?"

ಒಳಾಂಗಣದ ಗದ್ದಲ ಇಳಿಯಿತು. ಟೀಗ್ ತಾನು ಮಾಡಿದ್ದು ಈಗ ಹೊಳೆದವನಂತೆ ಬಾಯಿ ಮೇಲೆ ಕೈಯಿಟ್ಟು ರಿಂಗಿನ ಕೆಳಗೇ ನಿಂತಿದ್ದ. ಪ್ರೇಕ್ಷಕರ ಮೆಟ್ಟಿಲ ಸಾಲಿನಲ್ಲಿ ಅವನ ತಾಯಿ ಲೊರೀನ್ ಪಾಪ್‌ಕಾರ್ನ್ ಪೊಟ್ಟಣವನ್ನು ಎದೆಗವಚಿಕೊಂಡು ವೆಂಡೆಲ್‌ನನ್ನೇ ದಿಟ್ಟಿಸುತ್ತಿದ್ದಳು. ಇಲ್ಲ ಎಂದುಬಿಡಲು ವೆಂಡೆಲ್‌ನ ನಾಲಿಗೆ ತುರಿಸಿತು. ಆದರೆ ರಾಯ್ಸ್ ಹೇಳಿದ್ದು ನಿಜ, ಅವನಿಗೆ ಸುಳ್ಳು ಬರುತ್ತಿರಲಿಲ್ಲ.

"ನೋಡಿದೆ," ಎಂದ. "ಕಣ್ತುಂಬ ನೋಡಿದೆ. ಎರಡೂ ಕೈ. ಮಣಿಕಟ್ಟು ರಿಂಗಿಗಿಂತ ಮೇಲಿತ್ತು."

"ಮತ್ತೆ ಊದು ಸೀಟಿ!"

"ಊದೋಕೆ ನಾನು ಅಂಕಣಕ್ಕೆ ಬಂದಿರಬೇಕಲ್ಲ ಮಾರಾಯ. ನನ್ನ ಕಾಲು ಎಲ್ಲಿದೆ ನೋಡು."

ಎಲ್ಲರೂ ನೋಡಿದರು. ಎರಡು ಕಪ್ಪು ಬೂಟುಗಳು ಚಾಪೆಯ ಮೇಲಿದ್ದವು. ಮರದ ನೆಲ ಅಲ್ಲಿಂದ ಒಂದು ಗೇಣು ದೂರ.

"ಅವಳು ಒಳಗಿದ್ಳಲ್ಲ!" ರಾಯ್ಸ್ ಕೊರಿನ್‌ಳತ್ತ ಕೈ ಮಾಡಿದ.

"ಇದ್ಳು, ಆದ್ರೆ ನೋಡ್ಲಿಲ್ಲ. ನಾನು ನೋಡಿದೆ, ಆದ್ರೆ ಒಳಗಿರ್ಲಿಲ್ಲ. ನಮ್ಮಿಬ್ಬರನ್ನೂ ಸೇರಿಸಿ ಒಬ್ಬ ರೆಫರಿ ಮಾಡೋಕೆ ನಿನ್ನ ಕೈಲಾದ್ರೆ ಮಾಡಪ್ಪಾ, ಈಗಲೇ ಊದ್ತೀನಿ."

ಬೇಡ ಬೇಡವೆಂದರೂ ರಾಯ್ಸ್‌ನ ತುಟಿಯ ಮೇಲೆ ನಗು ಬಂದೇಬಿಟ್ಟಿತು. "ಹಾಳಾಗ್ಹೋಗ್ಲಿ! ಆ ಮಂಡಿ ಇಟ್ಕೊಂಡು ಅಷ್ಟೆತ್ತರ ಹಾರಿದ್ನಲ್ಲೋ ಹುಡುಗ!" ಎಂದು ಗೊಣಗುತ್ತ ತನ್ನ ಬೆಂಚಿನತ್ತ ಹೋದ. ಲೊರೀನ್ ಧೊಪ್ಪನೆ ಕೂತಳು. ಅರ್ಧ ಪಾಪ್‌ಕಾರ್ನ್ ಮುಂದಿನ ಸಾಲಿನವರ ತಲೆಯ ಮೇಲಿತ್ತು.

ಆಗ ವೆಂಡೆಲ್ ಅಂಕಣಕ್ಕೆ ಕಾಲಿಟ್ಟ. ಟೀಗ್ ಹತ್ತಿರ ಬಂದ.

"ಸರ್, ಬೇಕೂಂತ ಮಾಡಿದ್ದಲ್ಲ. ಕಾಲು ತಾನಾಗೇ ನೆಗೀತು."

"ನೋವಿದ್ಯಾ?"

"ಒಂಚೂರೂ ಇಲ್ಲ ಸರ್."

"ಅಷ್ಟು ಸಾಕು. ಪಂದ್ಯ ಶುರುವಾದ್ಮೇಲೆ ಎಷ್ಟು ಬೇಕಾದ್ರೂ ಹೊಡಿ. ಅದಕ್ಕೆ ಮುಂಚೆ ಇನ್ನೊಂದು ಹೊಡೆದ್ಯೋ, ನಿಮ್ಮಮ್ಮ ಬಂದು ಅತ್ತರೂ ಬಿಡಲ್ಲ."

ಹುಡುಗ ಕುಂಟದೆ ಓಡಿಹೋದದ್ದನ್ನು ವೆಂಡೆಲ್ ಕೊನೆಯವರೆಗೂ ನೋಡಿದ. ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳಲು ನಾಚಿಕೆಯೆನಿಸಲಿಲ್ಲ.

ಕೊರಿನ್ ಪಕ್ಕಕ್ಕೆ ಬಂದು ನಿಂತಳು. "ಒಂದು ಮಾತು ಕೇಳ್ಲಾ?" ಎಂದಳು ಮೆಲ್ಲಗೆ. "ಚಾಪೆ ಮೇಲೆ ಯಾಕೆ ನಿಂತ್ರಿ? ನಿಮ್ಮ ಬೂಟು ನಮ್ಮ ರೂಮಲ್ಲೇ ಒರೆಸ್ಕೊಂಡಿದ್ರಲ್ಲ. ಟವೆಲ್ ಕೊಟ್ಟಿದ್ದೇ ನಾನು."

"ಅದು ರೂಮಲ್ಲಿ ನಡೆದಿದ್ದು ತಾನೆ?"

"ಹೌದು."

"ಅಂಕಣಕ್ಕೆ ಬರೋಕ್ಕೆ ಮುಂಚೆ ನಡೆದಿದ್ದನ್ನ ನಾವು ಕೇಳೋ ಹಾಗಿಲ್ಲಮ್ಮಾ," ಎಂದು ವೆಂಡೆಲ್ ಸೀಟಿಯನ್ನು ಬಾಯಿಗಿಟ್ಟುಕೊಂಡ.