ಜಾಗ ಬದಲಿಸುವ ಫೋಲ್ಡರ್

ಕಂಪ್ಯೂಟರ್‌ನಲ್ಲಿ ಫೈಲ್ ಕಾಣದೆ ಒಮ್ಮೆಯಾದರೂ ತಲೆ ಚಚ್ಚಿಕೊಂಡಿದ್ದರೆ, ಇದನ್ನು ಪೂರ್ತಿ ಓದಿ...

ಗದಗಿನ ಒಂದು ಓಣಿಯಲ್ಲಿ ಫಕ್ಕೀರಪ್ಪನ ಪುಟ್ಟ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಪಾಂಪ್ಲೆಟ್, ಗೃಹಪ್ರವೇಶದ ಆಮಂತ್ರಣ... ಎಲ್ಲ ಅಲ್ಲೇ ತಯಾರಾಗುತ್ತಿತ್ತು.

ಇದ್ದದ್ದು ಒಂದೇ ಕಂಪ್ಯೂಟರ್. ಅದನ್ನು ಮುಟ್ಟುವವರು ಇಬ್ಬರೇ. ದಸರೆಗೆ ಸ್ವಲ್ಪ ಮುಂಚೆ ಆಸ್ಪತ್ರೆಯಿಂದ ಮರಳಿದ್ದ ಫಕ್ಕೀರಪ್ಪ, ಮತ್ತು ಹನ್ನೊಂದು ವರ್ಷದಿಂದ ಅಲ್ಲಿ ಟೈಪಿಂಗ್ ಮಾಡುತ್ತಿದ್ದ ಮಹಾನಂದಾ.

ದಸರೆ ಮುಗಿದ ವಾರದಿಂದ ಕಾಟ ಶುರುವಾಯಿತು. ಈಗ ಇದ್ದ ಫೋಲ್ಡರ್ ಇನ್ನೊಂದು ಗಳಿಗೆಗೆ ಇಲ್ಲ. ಬೆವರು ಸುರಿಸಿ ಹುಡುಕಿದರೆ ಯಾವುದೋ ಸಂಬಂಧವಿಲ್ಲದ ಫೋಲ್ಡರ್ ಒಳಗೆ ಅಡಗಿರುತ್ತಿತ್ತು.

ಅದಕ್ಕಿಂತ ವಿಚಿತ್ರವೆಂದರೆ... ಸಂಜೆ ಎಷ್ಟು ಹುಡುಕಿದರೂ ಸಿಗದ ಫೋಲ್ಡರ್ ಮರುದಿನ ಬೆಳಿಗ್ಗೆ ತನ್ನ ಜಾಗದಲ್ಲೇ ಇರುತ್ತಿತ್ತು!

ಫಕ್ಕೀರಪ್ಪನ ತಲೆಯಲ್ಲಿ ಅನುಮಾನದ ಹುಳ ಹೊಕ್ಕಿತು. ನಾನು ತೆಗೆದಿಲ್ಲ ಅಂದಮೇಲೆ ಇನ್ಯಾರು ತೆಗೆದರು?

ಮಹಾನಂದಾ ಈಚೆಗೆ ಅರ್ಧ ಗಂಟೆ ಮೊದಲೇ ಬಂದು ಅಂಗಡಿ ತೆರೆಯುತ್ತಿದ್ದಳು. ಅವನು ಒಳಗೆ ಬಂದ ಕೂಡಲೇ ತೆರೆದಿದ್ದ ಫೋಲ್ಡರ್‌ಗಳನ್ನೆಲ್ಲ ಪಟಪಟನೆ ಮುಚ್ಚಿಬಿಡುತ್ತಿದ್ದಳು.

ಅಷ್ಟರಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರದ ಹೊಸ ಅಂಗಡಿಯ ಮದುವೆ ಕಾರ್ಡೊಂದು ಅವನ ಕೈಗೆ ಬಂತು. ಅಂಚಿನ ಬಳ್ಳಿ ಥೇಟ್ ತನ್ನ ಡಿಸೈನೇ...

ಮುಗಿಯಿತು. ಕದ್ದು ಅವರಿಗೆ ಕೊಡುತ್ತಿದ್ದಾಳೆ ಎಂದು ಮನಸ್ಸಿನಲ್ಲೇ ತೀರ್ಪು ಬರೆದುಬಿಟ್ಟ. ಅಂದಿನಿಂದ ಅವಳು ನೀರು ಕುಡಿಯಲು ಎದ್ದರೂ ಅವನ ಕಣ್ಣು ಅವಳ ಬೆನ್ನ ಮೇಲೆ.

ಒಂದು ಶನಿವಾರ ಹೊಸಮನಿ ಮಾಸ್ತರು ಮಗಳ ಮದುವೆ ಕಾರ್ಡಿನ ಪ್ರೂಫ್ ನೋಡಲು ಬಂದರು. ಫಕ್ಕೀರಪ್ಪನೇ ಕಂಪ್ಯೂಟರ್ ಮುಂದೆ ಕೂತ. ಬೆಳಿಗ್ಗೆಯಷ್ಟೇ ನೋಡಿದ್ದ ಫೋಲ್ಡರ್... ಮಾಯ.

ಸೋಮವಾರ ಪ್ರಿಂಟ್‌ಗೆ ಹೋಗಲೇಬೇಕಿದ್ದ ಕಾರ್ಡು ಅದು. ಅವನ ತಾಳ್ಮೆಯ ಕಟ್ಟೆ ಒಡೆಯಿತು.

"ಮಹಾನಂದಾ, ನಿನ್ನ ಚೀಲಾ ಇಲ್ಲಿ ತಾ. ಪೆನ್‌ಡ್ರೈವ್ ಎಲ್ಲಿಟ್ಟೀ?" ಅಂದ, ಮಾಸ್ತರರ ಎದುರಿಗೇ.

ಅವಳ ಮುಖ ಬಿಳಿಚಿಕೊಂಡಿತು. ಏನೋ ಹೇಳಲು ಬಾಯಿ ತೆರೆದಳು. ಮಾಸ್ತರರ ಕಡೆ ನೋಡಿ ಸುಮ್ಮನಾದಳು.

ಚೀಲವನ್ನು ಟೇಬಲ್ ಮೇಲೆ ಬರಿದು ಮಾಡಿದಳು. ಊಟದ ಡಬ್ಬಿ, ಬಾಚಣಿಗೆ, ಎರಡು ತಲೆನೋವಿನ ಮಾತ್ರೆ... ಬೇರೇನೂ ಇರಲಿಲ್ಲ.

ಆದರೂ ಅವನಿಗೆ ಸಮಾಧಾನವಿಲ್ಲ. ಅಂಗಡಿಯ ಕೀಲಿ ಕಸಿದುಕೊಂಡ. ಇನ್ನು ಬರುವುದು ಬೇಡ ಎಂದ. ಅವಳು ಹೋದಮೇಲೆ ಕಂಪ್ಯೂಟರ್ ಪಾಸ್‌ವರ್ಡ್ ಕೂಡ ಬದಲಿಸಿದ.

ಭಾನುವಾರ ಒಬ್ಬನೇ ಕೂತು ಮಾಸ್ತರರ ಕಾರ್ಡನ್ನು ಮತ್ತೆ ಟೈಪ್ ಮಾಡಿದ. ಹೊಸ ಫೋಲ್ಡರ್ ಮಾಡಿ ಅದರಲ್ಲಿಟ್ಟ. ಈಗ ಹೇಗೆ ಕದಿಯುತ್ತಾಳೋ ನೋಡೋಣ ಎಂದುಕೊಂಡ.

ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ತೆರೆದರೆ... ಆ ಫೋಲ್ಡರೂ ಇಲ್ಲ.

ಫಕ್ಕೀರಪ್ಪ ಜೇಬು ಮುಟ್ಟಿ ನೋಡಿಕೊಂಡ. ಕೀಲಿ ಅವನ ಜೇಬಿನಲ್ಲಿತ್ತು. ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತಿತ್ತು.

ಗಾಬರಿಯಿಂದ ಇನ್ನೊಂದು ಫೋಲ್ಡರ್ ಮೇಲೆ ಕ್ಲಿಕ್ ಮಾಡಿದ. ಅದು ಪರದೆಯ ಮೇಲಿನ ಮೌಸ್ ಬಾಣಕ್ಕೆ ಅಂಟಿಕೊಂಡಿತು. ಮೌಸ್ ಸರಿಸಿದರೆ ಜೊತೆಗೇ ಬಂತು. ಅವನ ಕಣ್ಣೆದುರೇ ಪಕ್ಕದ ಫೋಲ್ಡರ್ ಒಳಗೆ ಹೋಗಿ ಬಿತ್ತು!

ಬಾಗಿಲ ಕಡೆ ತಿರುಗಿದ. ಮಹಾನಂದಾ ಮೆಟ್ಟಿಲ ಮೇಲೆ ನಿಂತಿದ್ದಳು. ಮಾಸ್ತರರ ಕಾರ್ಡು ಇವತ್ತೇ ಹೋಗಬೇಕು, ಅದನ್ನೊಂದು ಹುಡುಕಿಕೊಟ್ಟು ಹೋಗುತ್ತೇನೆ ಎಂದಳು.

ಬಂದು ಕೂತಳು. ಎಂದಿನಂತೆ ಮೌಸ್ ಮುಟ್ಟದೆ ಕೀಬೋರ್ಡಿನಿಂದಲೇ ಒಂದೊಂದೇ ಫೋಲ್ಡರ್ ತೆರೆದು, ಹತ್ತು ನಿಮಿಷದಲ್ಲಿ ಮೊದಲಿನ ಕಾರ್ಡು, ಭಾನುವಾರದ ಕಾರ್ಡು ಎರಡನ್ನೂ ಹುಡುಕಿ ಹೊರತೆಗೆದಳು. ಇದು ದಿನದ ರೂಢಿ ಎಂಬುದು ಅವಳ ಕೈ ನೋಡಿದರೇ ಗೊತ್ತಾಗುತ್ತಿತ್ತು.

ಇಷ್ಟು ದಿನ ಇದನ್ನೇ ಮಾಡುತ್ತಿದ್ದೆಯಾ ಎಂದು ಅವನು ಸಣ್ಣ ದನಿಯಲ್ಲಿ ಕೇಳಿದ.

"ಹೌದ್ರಿ ಅಣ್ಣಾರ. ಆಸ್ಪತ್ರಿಯಿಂದ ಬಂದ ಮ್ಯಾಲೆ ನಿಮ್ಮ ಕೈ ನಡುಗ್ತೈತಿ. ಅದಕ್ಕ ಫೋಲ್ಡರ್ ಜಾರ್ತಾವ ಅಂದ್ಕೊಂಡಿದ್ದೆ. ಹೇಳಿದ್ರ ನಿಮಗ ನೋವಾಗ್ತೈತಿ ಅಂತ, ನೀವು ಬರೋದ್ರಾಗ ಹುಡುಕಿ ಇಡ್ತಿದ್ದೆ."

ಶನಿವಾರ ಚೀಲ ಸುರುವಿಸಿದಾಗಲಾದರೂ ಹೇಳಬಾರದಿತ್ತೇ ಎಂದ.

"ಮಾಸ್ತರ ಮುಂದ ನಿಮ್ಮ ಕೈ ವಿಷಯ ಹೆಂಗ ತಗೀಲ್ರಿ..."

ಅವನು ಟೇಬಲ್ ಹಿಡಿದು ಕೂತುಬಿಟ್ಟ. ಅವಳ ಮಾನವನ್ನು ತಾನು ಯಾರ ಮುಂದೆ ಕಳೆದನೋ, ಅದೇ ಮನುಷ್ಯನ ಮುಂದೆ ಅವಳು ಅವನ ಮಾನ ಉಳಿಸಿದ್ದಳು.

ಫೋಲ್ಡರ್ ಬಾಣಕ್ಕೆ ಅಂಟಿದ್ದನ್ನು ಮೆಟ್ಟಿಲ ಮೇಲಿಂದಲೇ ಕಂಡಿದ್ದ ಅವಳು ಈಗ ಮೌಸ್‌ನ ಬಟನ್ ಒತ್ತಿ ನೋಡಿದಳು. ಒತ್ತಿದ್ದು ಒತ್ತಿದಂತೆಯೇ ನಿಂತಿತು. ಸ್ಕ್ರೂ ಬಿಚ್ಚಿದರೆ ಒಳಗೆ ಕುಂಕುಮ, ವಿಭೂತಿ ಕಲೆತು ಅಂಟಂಟಾಗಿ ಒಣಗಿದ್ದವು.

ಆಯುಧಪೂಜೆಯ ದಿನ ಕಂಪ್ಯೂಟರಿಗೆ ತಾನೇ ಭಕ್ತಿಯಿಂದ ವಿಭೂತಿ, ಕುಂಕುಮ ಬಳಿದು, ಒಡೆದ ಕಾಯಿಯ ನೀರನ್ನು ಮೌಸ್ ಮೇಲೂ ಧಾರಾಳವಾಗಿ ಚಿಮುಕಿಸಿದ್ದು ಫಕ್ಕೀರಪ್ಪನಿಗೆ ನೆನಪಾಯಿತು.

ತಪ್ಪು ನಡುಗುವ ಕೈಯದಲ್ಲ. ಅವಳದಂತೂ ಅಲ್ಲವೇ ಅಲ್ಲ. ಆ ಬಳ್ಳಿಯ ಡಿಸೈನು ಕೂಡ ಅವನೇ ಇಂಟರ್ನೆಟ್‌ನಿಂದ ಇಳಿಸಿಕೊಂಡದ್ದು... ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು.

ಅಷ್ಟರಲ್ಲಿ ಹೊಸಮನಿ ಮಾಸ್ತರು ಪ್ರೂಫ್ ಕೇಳಿಕೊಂಡು ಬಂದರು. ಫಕ್ಕೀರಪ್ಪ ಎದ್ದು ನಿಂತ. ನಡುಗುವ ಬಲಗೈಯನ್ನು ಜೇಬಿನಲ್ಲಿ ಬಚ್ಚಿಡುವ ಅಭ್ಯಾಸವಿತ್ತು ಅವನಿಗೆ. ಅಂದು ಬಚ್ಚಿಡಲಿಲ್ಲ.

"ಮಾಸ್ತರ, ಈಕಿ ಚೀಲಾ ಹುಡುಕಿದ್ದು ನೀವು ನೋಡೀರಿ. ತಪ್ಪು ನಂದು. ಇದನ್ನೂ ನೀವು ನೋಡ್ರಿ" ಎಂದವನೇ, ಮಹಾನಂದಾಳ ಕಡೆ ತಿರುಗಿ ಎರಡೂ ಕೈ ಜೋಡಿಸಿದ.

ಶನಿವಾರ ಅಳದಿದ್ದ ಮಹಾನಂದಾ ಈಗ ಅತ್ತಳು...

ಒಂದೇ ತೊಂದರೆಯನ್ನು ಇಬ್ಬರೂ ನೋಡಿದರು. ಅನುಮಾನ ಕಳ್ಳಿಯನ್ನು ಹುಡುಕಿತು, ಅಂತಃಕರಣ ನೆರವಾಗುವ ದಾರಿ ಹುಡುಕಿತು.

ನಿಮ್ಮ ಮನಸ್ಸಿನಲ್ಲಿ ಈಗಾಗಲೇ ತೀರ್ಪು ಬರೆಸಿಕೊಂಡು ಕೂತಿರುವವರು ಯಾರು? ಅವರನ್ನು ಒಂದು ಮಾತು ಕೇಳಿ ನೋಡಿದ್ದೀರಾ?